ಬೀಳುವ ಪಾಠ

ಮೇಷ್ಟ್ರ ನೆನಪಿನ ಸಭೆಯಲ್ಲಿ ಮೊದಲ ಮಾತು ನಾನೇ ಆಡಬೇಕೆಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು. ನನ್ನನ್ನು ಒಂದು ಮಾತು ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ. ಆಹ್ವಾನ ಪತ್ರಿಕೆ ಅಚ್ಚಾಗಿ ಕೈಗೆ ಬಂದ ಮೇಲೆ ನೋಡಿದೆ: ‘ಮೇಷ್ಟ್ರ ಕೊನೆಯ ತರಗತಿ’, ಅದರ ಕೆಳಗೆ ನನ್ನ ಹೆಸರು. ಇಪ್ಪತ್ತೆರಡು ವರ್ಷ ಅವರ ಶಿಷ್ಯೆ, ಅದರಲ್ಲಿ ಕೊನೆಯ ಒಂಬತ್ತು ವರ್ಷ ಅವರ ಸಹಾಯಕಿ, ಅವರು ಬಿದ್ದ ದಿನ ಎದುರಿಗೇ ಇದ್ದವಳು. ನಾನಲ್ಲದೆ ಇನ್ಯಾರು ಮಾತಾಡಬೇಕು ಅಂತ ಅವರ ಯೋಚನೆ. ನನಗೆ ಆ ಕಾರ್ಡನ್ನು ಚೂರು ಚೂರು ಮಾಡಿ ಕಿಟಕಿಯಿಂದಾಚೆ ಎಸೆಯೋಣ ಅನ್ನಿಸಿತು. ಎಸೆದಿದ್ದರೆ ಯಾಕೆ ಅಂತ ಕೇಳುತ್ತಿದ್ದರು. ಕೇಳಿದರೆ ಏನು ಹೇಳಲಿ? ಬಾಯಿ ಮುಚ್ಚಿಕೊಂಡು ಬ್ಯಾಗಿಗೆ ಹಾಕಿಕೊಂಡೆ.

ನನಗೆ ಮೂಗಿನ ತುದಿಯಲ್ಲೇ ಕೋಪ. ಅದಕ್ಕೇ ಮೇಷ್ಟ್ರು ನನ್ನನ್ನು ಕರೆಯುತ್ತಿದ್ದದ್ದು ‘ಸಿಡಿಮಿಡಿ’ ಅಂತ. ಹೊಟ್ಟೆಪಾಡಿಗೆ ನಾನು ಮಾಡುವುದು ಡಬ್ಬಿಂಗ್ ಕೆಲಸ. ತೆರೆಯ ಮೇಲೆ ಬೇರೆ ಯಾರೋ ಅಳುತ್ತಾರೆ, ಕತ್ತಲೆ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನಾನು ಗಂಟಲು ಕೊಡುತ್ತೇನೆ. ಸಂಜೆ ತರಗತಿಗೆ ಬಂದರೆ ಮೇಷ್ಟ್ರು, “ಏನು ಸಿಡಿಮಿಡಿ, ಇವತ್ತು ಎಷ್ಟು ಜನರ ಪಾಲಿನ ಅಳು ಅತ್ತು ಬಂದೆ?” ಎನ್ನುತ್ತಿದ್ದರು. ಮೂರು ಅಂದರೆ, “ನಿಂದು ಒಂದಾದ್ರೂ ಉಳಿಸ್ಕೋಮ್ಮ,” ಎಂದು ನಗುತ್ತಿದ್ದರು. ಆಗ ನನಗೆ ಅದು ಬರೀ ತಮಾಷೆ.

ತರಗತಿ ನಡೆಯುತ್ತಿದ್ದದ್ದು ಮುಚ್ಚಿಹೋದ ಒಂದು ಅಚ್ಚುಕೂಟದ ಮಹಡಿಯಲ್ಲಿ. ಕೆಳಗೆ ಯಂತ್ರಗಳಿದ್ದ ದೊಡ್ಡ ಜಾಗ ನೂರಿಪ್ಪತ್ತು ಕುರ್ಚಿಗಳ ರಂಗಮಂದಿರವಾಗಿತ್ತು. ಮೇಲೆ ಎರಡು ಕೋಣೆ. ಒಂದರಲ್ಲಿ ಪಾಠ. ಅದರ ಮರದ ನೆಲದ ಮೇಲೆ ಎಷ್ಟು ಉಜ್ಜಿದರೂ ಹೋಗದ ಶಾಯಿಯ ಕಲೆಗಳು. ಇನ್ನೊಂದರಲ್ಲಿ ಬಟ್ಟೆಗಳು, ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಅವುಗಳ ನಡುವೆ ಮೇಷ್ಟ್ರ ಹೆಂಡತಿ. ಅವರನ್ನು ನಾವೆಲ್ಲ ಅಮ್ಮ ಎನ್ನುತ್ತಿದ್ದೆವು. ರಾಜನ ಅಂಗಿಯಿಂದ ಭಿಕ್ಷುಕನ ಹರಕಲಿನವರೆಗೆ ಎಲ್ಲವನ್ನೂ ಅವರೇ ಹೊಲಿಯುತ್ತಿದ್ದರು. ಹರಕಲು ಹೊಲಿಯುವುದೇ ಕಷ್ಟ, ಎಲ್ಲಿ ಹರಿದಿರಬೇಕು ಅಂತ ಯೋಚಿಸಿ ಹರೀಬೇಕು ಅಂತ ಗೊಣಗುತ್ತಿದ್ದರು.

ಮೇಷ್ಟ್ರ ಪಾಠ ಮಾತಿನಿಂದ ಶುರುವಾಗುತ್ತಿರಲಿಲ್ಲ. ಹೊಸದಾಗಿ ಸೇರಿದವರಿಗೆ ಮೊದಲ ಮೂರು ತಿಂಗಳು ಒಂದು ಸಾಲು ಸಂಭಾಷಣೆಯೂ ಇಲ್ಲ. ಕೂರುವುದು, ಏಳುವುದು, ಬೀಳುವುದು, ಇಷ್ಟೇ. ಕನ್ನಡಿ ಮುಂದೆ ಅತ್ತು ನಟರಾಗಿಬಿಟ್ಟೆವೆಂದುಕೊಂಡು ಬಂದವರು ಎರಡನೆಯ ವಾರಕ್ಕೇ ಕಾಲ್ಕೀಳುತ್ತಿದ್ದರು. “ಹೋಗ್ಲಿ ಬಿಡು. ನೆಲ ಕಂಡ್ರೆ ಹೆದರೋರಿಗೆ ಇಲ್ಲೇನು ಕೆಲಸ,” ಎಂದು ಮೇಷ್ಟ್ರು ರಿಜಿಸ್ಟರಿನಲ್ಲಿ ಒಂದು ಗೀಟು ಎಳೆಯುತ್ತಿದ್ದರು.

ಬೀಳುವುದಕ್ಕೆ ಒಂದು ಕ್ರಮವಿತ್ತು. ಮೊದಲು ಮೊಣಕಾಲು ಸಡಿಲಬೇಕು. ಆಮೇಲೆ ಸೊಂಟದ ಪಕ್ಕ ನೆಲಕ್ಕೆ ತಾಗಬೇಕು, ಆಮೇಲೆ ಭುಜ, ಕೊನೆಗೆ ತಲೆ. ಕೈ ಯಾವಾಗಲೂ ಮೈಯಿಂದಾಚೆ ಇರಬೇಕು. ಇದನ್ನು ಕಲಿಸುವುದಕ್ಕೆ ಮೇಷ್ಟ್ರು ಮಾತಿನ ಮಧ್ಯೆ, ಯಾವ ಸೂಚನೆಯೂ ಇಲ್ಲದೆ, ದಬಕ್ಕನೆ ತಾವೇ ಬೀಳುತ್ತಿದ್ದರು. ಎಪ್ಪತ್ಮೂರರ ವಯಸ್ಸಿನಲ್ಲೂ ಬೀಳುತ್ತಿದ್ದರು. ಒಮ್ಮೆ ಕುಡುಕನ ಹಾಗೆ, ಒಮ್ಮೆ ಹಸಿದವನ ಹಾಗೆ, ಒಮ್ಮೆ ಅವಮಾನವಾದವನ ಹಾಗೆ. ಬಿದ್ದವರು ಎರಡು ನಿಮಿಷವೋ ಮೂರು ನಿಮಿಷವೋ ಅಲ್ಲಾಡದೆ ಇರುತ್ತಿದ್ದರು. ನಾವು ನಿಂತಲ್ಲೇ ನಿಂತು ನೋಡಬೇಕು, ಈ ಮನುಷ್ಯನಿಗೆ ಏನಾಯಿತೆಂದು ಹೇಳಬೇಕು. ಎಷ್ಟೋ ಸಲ ಬೇಕೆಂದೇ ತಪ್ಪಾಗಿ ಬೀಳುತ್ತಿದ್ದರು. ಆಗ ಆ ತಪ್ಪುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆಯುವುದು ನಮ್ಮ ಕೆಲಸ. ಎಷ್ಟು ಹೊತ್ತು ಅಲ್ಲಾಡದೆ ಇದ್ದರೆಂದು ಯಾರಾದರೊಬ್ಬರು ಮೊಬೈಲಿನಲ್ಲಿ ಸಮಯ ಹಿಡಿಯಬೇಕು. ಅವರಾಗಿ ಏಳುವ ತನಕ ಯಾರೂ ಹತ್ತಿರ ಹೋಗುವ ಹಾಗಿಲ್ಲ.

ಒಮ್ಮೆ, ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಶಿಷ್ಯ ತಡೆಯಲಾರದೆ ಓಡಿಹೋಗಿ ಎತ್ತಲು ನೋಡಿದ. ಮೇಷ್ಟ್ರು ಮಲಗಿದ್ದಲ್ಲಿಂದಲೇ ಕಣ್ಣು ಬಿಟ್ಟು, “ನಿನ್ನ ದಯೆ ನಿನ್ನ ಹತ್ರಾನೇ ಇಟ್ಕೊಳ್ಳಪ್ಪ. ನಂಗೆ ನಿನ್ನ ಕಣ್ಣು ಬೇಕು,” ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬ್ಯಾಂಕಿನವನ ಕಿವಿ ಕೆಂಪಾಯಿತು. ಅಂದಿನಿಂದ ಯಾರೂ ಹೆಜ್ಜೆ ಕದಲಿಸಿದ್ದಿಲ್ಲ.

ಆವತ್ತು ಗುರುವಾರ, ಆರು ಜನ ಬಂದಿದ್ದರು. ಅಮ್ಮ ತಂಗಿಯ ಮನೆಗೆ ಹೋಗಿದ್ದರಿಂದ ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದಿರಲಿಲ್ಲ. ಮೇಷ್ಟ್ರು ಕೋಣೆಯ ನಡುವೆ ನಿಂತು, “ನಿಂತಿರೋ ಮನುಷ್ಯನ ಭಾರ ಎಲ್ಲಿರುತ್ತೆ ಅಂದ್ರೆ,” ಎಂದರು. ಆ ಮಾತು ಮುಗಿಯಲಿಲ್ಲ. ಬಿದ್ದರು.

ಮೊಣಕಾಲು ಮಡಿಸದೆ, ಇಡೀ ಮೈ ಒಂದೇ ಸಲಕ್ಕೆ ನೆಲಕ್ಕೆ ಬಂತು. ಎಡಗೈ ಮೈಯ ಅಡಿಗೆ ಸಿಕ್ಕಿಕೊಂಡಿತು. ಕಣ್ಣು ಅರ್ಧ ತೆರೆದಿತ್ತು, ಬಾಯಿ ಒಂದು ಕಡೆಗೆ ವಾಲಿತ್ತು. ನನಗೆ ಅನ್ನಿಸಿದ್ದನ್ನು ಹಾಗೇ ಹೇಳುತ್ತೇನೆ. ನನಗೆ ಹೆಮ್ಮೆಯಾಯಿತು. ಇವತ್ತು ಮೇಷ್ಟ್ರು ತಪ್ಪು ಬೀಳುವುದನ್ನು ತೋರಿಸುತ್ತಿದ್ದಾರೆ, ಈ ವಯಸ್ಸಿನಲ್ಲಿ ಎಂಥ ಧೈರ್ಯ, ಅದನ್ನು ಮೊದಲು ಹಿಡಿದವಳು ನಾನು ಅಂತ. ನಾನು ಕೈಯೆತ್ತಿ ಎಲ್ಲರನ್ನೂ ತಡೆದೆ.

“ಯಾರೂ ಅಲ್ಲಾಡ್ಬೇಡಿ. ನೋಡಿ. ಏನೇನು ತಪ್ಪಿದೆ ಹೇಳಿ,” ಎಂದೆ.

ನಾವು ಉದ್ದಣ್ಣ ಎಂದು ಕರೆಯುವ ಎತ್ತರದ ಹುಡುಗ ಮೊಬೈಲಿನಲ್ಲಿ ಸಮಯ ಹಿಡಿದಿದ್ದ. ಅವನೇ ಮೊದಲು ಹೇಳಿದ. “ಮೊಣಕಾಲು ಬಗ್ಗಲೇ ಇಲ್ಲ ಅಕ್ಕ.”

“ಎಡಗೈ ಕೆಳಗೆ ಸಿಕ್ಕೊಂಡಿದೆ,” ಎಂದ ಬ್ಯಾಂಕಿನವನು.

“ಭೇಷ್,” ಎಂದೆ ನಾನು. “ಎಲ್ಲರೂ ಆ ಕೈ ನೋಡಿ. ಹೀಗೆ ಬಿದ್ರೆ ಮಣಿಕಟ್ಟು ಹೋಗುತ್ತೆ. ಬರ್ಕೊಳ್ಳಿ.”

ಬರೆದುಕೊಂಡರು. ಉಸಿರು ಜೋರಾಗಿ ಕೇಳುತ್ತಿದೆ, ಸತ್ತವನ ಪಾತ್ರಕ್ಕೆ ಹೊಂದುವುದಿಲ್ಲ ಎಂದ ಇನ್ನೊಬ್ಬ. ತುಟಿ ಯಾಕೆ ಹಾಗೆ ಎಂದಳು ಒಬ್ಬಳು. ಅದೂ ಗಮನಿಸಬೇಕಾದದ್ದೇ ಎಂದೆ. ಮೇಷ್ಟ್ರ ಕಣ್ಣು ನಮ್ಮ ಕಡೆಗೇ ಇತ್ತು. ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಹುಡುಗಿ, ಎಲ್ಲರಿಗಿಂತ ಚಿಕ್ಕವಳು, ಅಷ್ಟು ಹೊತ್ತು ತುಟಿಪಿಟಕ್ಕೆಂದಿರಲಿಲ್ಲ. ಆಮೇಲೆ ಪಿಸುಮಾತಿನಲ್ಲಿ, “ಅಕ್ಕಾ, ಪ್ಯಾಂಟು ಒದ್ದೆ ಆಗ್ತಿದೆ,” ಎಂದಳು.

ಅದನ್ನು ಯಾರೂ ನಟಿಸುವುದಿಲ್ಲ. ಕಿರುಚಿದವಳು ನಾನೇ ಅಂತ ಆಮೇಲೆ ಹೇಳಿದರು, ನನಗೆ ನೆನಪಿಲ್ಲ. ಆಂಬುಲೆನ್ಸಿನಲ್ಲಿ ನನ್ನೆದುರು ಕೂತಿದ್ದ ಉದ್ದಣ್ಣ ಇದ್ದಕ್ಕಿದ್ದಂತೆ ಜೇಬಿನಿಂದ ಮೊಬೈಲು ತೆಗೆದು ನೋಡಿ ಬಿಳುಚಿಕೊಂಡ. ನಾನು ಕಿರುಚಿದಾಗ ಅವನ ಬೆರಳು ಗುಂಡಿ ಒತ್ತಿ ಗಡಿಯಾರ ನಿಲ್ಲಿಸಿತ್ತು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು.

ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ಮಾತ್ರ ನಾನು ನಿಜ ಹೇಳಿದೆ. ಅವರು ತಲೆಯೆತ್ತದೆ ಬರೆದುಕೊಂಡು, ಮಿದುಳಿನ ಒಳಗೇ ರಕ್ತನಾಳ ಒಡೆದಿದೆ, ಆ ನಾಲ್ಕು ನಿಮಿಷದಿಂದ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ ಎಂದರು. ಸಮಾಧಾನಕ್ಕೆ ಹೇಳಿದರೋ ಇದ್ದದ್ದನ್ನು ಹೇಳಿದರೋ ಗೊತ್ತಿಲ್ಲ. ಇದ್ದದ್ದೇ ಇರಬಹುದು. ನನಗೆ ಅದರಿಂದ ಎಳ್ಳಷ್ಟೂ ಹಗುರವಾಗಲಿಲ್ಲ. ನಾವು ಅವರನ್ನು ಕೊಂದೆವು ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಮಕ್ಕಳ ಹಾಗೆ ಬೆಳೆಸಿದ ಏಳು ಜನರ ಎದುರಿಗೆ ಬಿದ್ದು, ಅವರು ತನ್ನ ತಪ್ಪು ಎಣಿಸುವುದನ್ನು ಕೇಳುತ್ತ ಆ ಮನುಷ್ಯ ಒಬ್ಬಂಟಿಯಾಗಿ ಮಲಗಿದ್ದ. ನನ್ನನ್ನು ಕಿತ್ತು ತಿನ್ನುತ್ತಿದ್ದದ್ದು ಅದು.

ಅಮ್ಮ ಬರುವ ಮೊದಲು ಆಸ್ಪತ್ರೆಯ ಮೆಟ್ಟಿಲ ಹತ್ತಿರ ಆರು ಜನರನ್ನೂ ನಿಲ್ಲಿಸಿಕೊಂಡೆ. “ತಲೆ ಸುತ್ತಿತು. ತಕ್ಷಣ ಅಕ್ಕ ತಲೆ ಹಿಡ್ಕೊಂಡ್ರು. ತಕ್ಷಣ ಆಂಬುಲೆನ್ಸಿಗೆ ಫೋನ್ ಮಾಡಿದ್ವಿ. ಇಷ್ಟೇ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ,” ಎಂದೆ. ಮೆಡಿಕಲ್ ಶಾಪಿನ ಹುಡುಗಿ ಅತ್ತಳು. ಅವಳ ಕೈಲಿ ಎರಡು ಸಲ ಹೇಳಿಸಿದೆ. ನಿರ್ದೇಶನ ಮಾಡುವುದು ನನಗೆ ಚೆನ್ನಾಗಿ ಬರುತ್ತದೆ, ಕಲಿಸಿದವರು ಒಳಗೆ ಮಲಗಿದ್ದರು.

ಮೇಷ್ಟ್ರು ಒಂಬತ್ತು ದಿನ ಇದ್ದರು. ಮಾತಾಡಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು, ನೋಡಲು ಬಂದ ಶಿಷ್ಯರನ್ನು ಒಬ್ಬೊಬ್ಬರಾಗಿ ಕರೆದು ಕೇಳಿದರು, ಹೇಗೆ ಬಿದ್ದರು, ಯಾರು ಹಿಡಿದರು, ಏನಾದರೂ ಅಂದರಾ ಅಂತ. ಎಲ್ಲರೂ ಹೇಳಿಕೊಟ್ಟ ಹಾಗೆ ಹೇಳಿದರು. ಅಮ್ಮ ತಲೆಯಾಡಿಸಿದರು. ನಂಬಿದ್ದಾರೆ ಅಂದುಕೊಂಡೆ. ನಂಬಿದ ಮೇಲೆ ಅವರ ಮುಖ ನೋಡುವುದು ಇನ್ನೂ ಕಷ್ಟವಾಯಿತು.

ಸಭೆ ಐದು ಗಂಟೆಗೆ. ಮೂರು ಗಂಟೆಗೇ ಹೋಗಿದ್ದೆ. ಕೆಳಗೆ ಬ್ಯಾಂಕಿನವನು ಕುರ್ಚಿ ಜೋಡಿಸುತ್ತಿದ್ದ. ವೇದಿಕೆಗೆ ಯಾವ ಫೋಟೋ ಇಡಬೇಕೆಂದು ಜಗಳ ನಡೆದಿತ್ತು. ಹಲ್ಲು ಬಿಟ್ಟು ನಗುವ ಫೋಟೋ ಆರಿಸಿದ್ದರು. “ಕ್ಯಾಮೆರಾ ಕಂಡ್ರೆ ಮುಖ ಗಂಟಿಕ್ತಿದ್ದ ಮನುಷ್ಯನ್ನ ಸತ್ತ ಮೇಲಾದ್ರೂ ನಗಿಸ್ಬೇಕಾ?” ಎಂದು ಎಲ್ಲರ ಮೇಲೂ ಹಾರಾಡಿ, ಗಂಟುಮುಖದ್ದನ್ನೇ ಇಡಿಸಿದೆ. ಯಾರೂ ಎದುರು ಮಾತಾಡಲಿಲ್ಲ. ಎದುರು ಮಾತಾಡಿದ್ದರೆ ಚೆನ್ನಾಗಿತ್ತು, ಇನ್ನೂ ಸ್ವಲ್ಪ ಹೊತ್ತು ಜಗಳವಾಡಬಹುದಿತ್ತು. ಅಷ್ಟರಲ್ಲಿ ಅಮ್ಮ ಮೇಲೆ ಬರಹೇಳಿದ್ದಾರೆಂದು ಉದ್ದಣ್ಣ ಬಂದು ಹೇಳಿದ.

ಬಟ್ಟೆಕೋಣೆಯಲ್ಲಿ ಅಮ್ಮ ಸ್ಟೂಲಿನ ಮೇಲೆ ಕೂತು, ಫೋಟೋದ ಮೇಜಿಗೆ ಹಾಸುವ ಬಟ್ಟೆಯ ಅಂಚು ಮಡಿಸಿ ಹೊಲಿಯುತ್ತಿದ್ದರು.

“ಬಾಗಿಲು ಹಾಕ್ಕೊಂಡು ಬಾ,” ಎಂದರು. ಹಾಕಿದೆ. “ಇವತ್ತು ಸಭೇಲಿ ಏನು ಹೇಳ್ತೀಯ?”

“ಆವತ್ತು ನಡೆದದ್ದೇ, ಅಮ್ಮ.”

“ನಂಗೆ ಹೇಳು ಒಂದ್ಸಲ.”

“ಪಾಠ ಹೇಳ್ತಾ ಇದ್ರು. ತಲೆ ಸುತ್ತಿದ ಹಾಗಾಯ್ತು. ತಕ್ಷಣ ನಾನು ತಲೆ ಹಿಡ್ಕೊಂಡೆ.”

ಅಮ್ಮ ದಾರವನ್ನು ಹಲ್ಲಿನಿಂದ ಕಡಿದರು. “ಅಲ್ಲೇ ನೋಡು. ‘ತಕ್ಷಣ’ ಅಂದು ಉಸಿರು ತಗೊಂಡೆ. ಬ್ಯಾಂಕಿನವನೂ ಅಲ್ಲೇ ತಗೊಂಡ. ಉದ್ದಣ್ಣನೂ ಅಲ್ಲೇ. ಆ ಚಿಕ್ಕ ಹುಡುಗಿ ಪಾಪ, ಉಸಿರು ತಗೊಂಡು ಮುಂದಿನ ಮಾತೇ ಮರೆತಳು. ನಲವತ್ತೈದು ವರ್ಷ ಈ ಸ್ಟೂಲ್ ಮೇಲೆ ಕೂತು ಗೋಡೆ ಆ ಕಡೆಯ ರಿಹರ್ಸಲ್ ಕೇಳಿದೀನಿ ಕಣೆ. ಕಲಿತು ಹೇಳೋ ಮಾತು ಯಾವ್ದು ಅಂತ ನಂಗೆ ಗೊತ್ತಾಗಲ್ವ?”

ನಾನು ಬಾಗಿಲು ಸರಿಯಾಗಿ ಮುಚ್ಚಿದೆಯಾ ಅಂತ ತಿರುಗಿ ನೋಡಿದೆ.

“ಇಷ್ಟು ದಿನ ಸುಮ್ನಿದ್ದೆ,” ಎಂದರು ಅಮ್ಮ. “ನೀನಾಗಿ ಬಂದು ಹೇಳ್ತೀಯ ಅಂತ. ಇವತ್ತು ಊರಿಗೆಲ್ಲ ಸುಳ್ಳು ಹೇಳ್ಬಿಟ್ರೆ ಅದೇ ನಿಜ ಆಗೋಗುತ್ತೆ. ಆಮೇಲೆ ನಂಗೆ ಕೇಳೋಕೂ ಆಗಲ್ಲ. ಅವರ ಕೊನೇ ಗಳಿಗೆ ಹೇಗಿತ್ತು ಅಂತ ನಂಗೆ ಗೊತ್ತಿರ್ಬೇಕು. ಒಳ್ಳೇದೋ ಕೆಟ್ಟದ್ದೋ, ಹೇಳು.”

ಹೇಳಿದೆ. ನಿಂತುಕೊಂಡೇ ಹೇಳಿದೆ. ಕೈಯೆತ್ತಿ ತಡೆದದ್ದು, ತಪ್ಪು ಎಣಿಸಿದ್ದು, ಭೇಷ್ ಅಂದದ್ದು, ಬರ್ಕೊಳ್ಳಿ ಅಂದದ್ದು, ಅವರ ಕಣ್ಣು ನಮ್ಮನ್ನೇ ನೋಡುತ್ತಿದ್ದದ್ದು, ಒದ್ದೆಯಾದದ್ದು, ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು, ಎಲ್ಲ. ಅಮ್ಮನ ಮನೆಯ ಬಾಗಿಲು ಇನ್ನು ನನಗೆ ಮುಚ್ಚಿತು ಅಂತ ಗೊತ್ತಿದ್ದೇ ಹೇಳಿದೆ. ನನಗೆ ಹೆತ್ತ ತಾಯಿಯ ಮುಖ ಸರಿಯಾಗಿ ನೆನಪಿಲ್ಲ. ಇಪ್ಪತ್ತೆರಡು ವರ್ಷ ನನ್ನ ಪಾಲಿಗೆ ಇದ್ದದ್ದು ಇವರೇ.

ಅಮ್ಮ ಸೂಜಿಯನ್ನು ಬಟ್ಟೆಯ ಅಂಚಿಗೆ ಚುಚ್ಚಿಟ್ಟರು. ಆಮೇಲೆ ಕೇಳಿದರು, “ಯಾರಾದ್ರೂ ಮಧ್ಯದಲ್ಲಿ ಆಕಡೆ ಈಕಡೆ ನೋಡಿದ್ರಾ?”

“ಇಲ್ಲಮ್ಮ. ಎಲ್ಲರೂ ಅವರನ್ನೇ ನೋಡ್ತಿದ್ವಿ. ಕಣ್ಣು ಮಿಟುಕಿಸದೆ.”

“ಜನ್ಮದಲ್ಲಿ ಯಾವ ಪ್ರೇಕ್ಷಕರೂ ಅವರನ್ನ ಅಷ್ಟು ಚೆನ್ನಾಗಿ ನೋಡಿರ್ಲಿಲ್ಲ ಬಿಡು,” ಎಂದರು. ನಗಲಿಲ್ಲ. ನನಗೆ ಬೈದಿದ್ದರೆ, ಹೊಡೆದಿದ್ದರೆ, ಅದಕ್ಕಿಂತ ಸುಲಭವಾಗಿ ತಡೆದುಕೊಳ್ಳುತ್ತಿದ್ದೆ.

ಅವರು ಬಟ್ಟೆಯನ್ನು ಬದಿಗಿಟ್ಟು ಎದ್ದರು. “ತೋರಿಸು.”

“ಏನಮ್ಮ?”

“ಹೇಗೆ ಬಿದ್ರು ಅಂತ. ನೀವು ಏಳು ಜನ ನೋಡಿದ್ದೀರ. ನಾನು ನೋಡಿಲ್ಲ. ಬಾ.”

ಬೇಡ ಎನ್ನುವ ಹಕ್ಕು ನನಗಿರಲಿಲ್ಲ. ಪಾಠದ ಕೋಣೆಗೆ ಹೋದೆವು. ಕಿಟಕಿಗಳು ಮುಚ್ಚಿದ್ದವು, ಆ ದಿನದಿಂದ ಯಾರೂ ತೆರೆದಿರಲಿಲ್ಲ. ಅಮ್ಮ ಗೋಡೆಗೆ ಒರಗಿ ನಿಂತರು. ನಾನು ಮೇಷ್ಟ್ರು ನಿಂತಿದ್ದ ಜಾಗದಲ್ಲಿ ನಿಂತೆ. ಇಪ್ಪತ್ತೆರಡು ವರ್ಷ ಕಲಿತದ್ದನ್ನೆಲ್ಲ ಮೈಯಿಂದ ಕಿತ್ತು ಹಾಕಬೇಕಿತ್ತು. ಮೊಣಕಾಲು ತಾನಾಗಿ ಸಡಿಲಲು ನೋಡಿತು, ಬಿಡಲಿಲ್ಲ. ಕೈ ಹೊರಗೆ ಹೋಗಲು ನೋಡಿತು, ಒಳಗೆಳೆದುಕೊಂಡೆ. ಬಿದ್ದೆ.

ಕೆನ್ನೆ ಹಲಗೆಗೆ ಬಡಿಯಿತು. ಎಡಗೈ ಪಕ್ಕೆಲುಬಿನ ಅಡಿ ತಿರುಚಿಕೊಂಡು, ನೋವು ಭುಜದವರೆಗೆ ಹತ್ತಿತು. ಕಣ್ಣು ಅರ್ಧ ತೆರೆದಿಟ್ಟುಕೊಂಡೆ. ಅಲ್ಲಿಂದ ಕಾಣುವುದು ನೆಲ, ಶಾಯಿಯ ಕಲೆ, ಜನ ನಿಂತಿದ್ದರೆ ಅವರ ಕಾಲು. ಮುಖಗಳು ಕಾಣುವುದಿಲ್ಲ. ಇಷ್ಟು ದಿನ ನಾನು ಅವರು ನಮ್ಮ ಮುಖ ನೋಡುತ್ತಿದ್ದರು ಅಂದುಕೊಂಡಿದ್ದೆ. ಅವರಿಗೆ ಕಂಡದ್ದು ಹದಿನಾಲ್ಕು ಪಾದಗಳು, ಒಂದೂ ಅಲ್ಲಾಡದ್ದು.

ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಹೀಗೇ ಮಲಗಿರಬೇಕು ಅಂತ ಮನಸ್ಸಿನಲ್ಲಿತ್ತು. ಮೂರು ಎಣಿಸಿರಲಿಲ್ಲ. ಅಮ್ಮನ ಚಪ್ಪಲಿ ದಡದಡನೆ ಬಂತು. ಮಂಡಿ ನೋವಿನಿಂದ ಎಂಟು ವರ್ಷ ನೆಲಕ್ಕೆ ಕೂತಿರದ ಹೆಂಗಸು, ಧೊಪ್ಪೆಂದು ನನ್ನ ಪಕ್ಕ ಕೂತು, ನನ್ನ ಭುಜ ಎತ್ತಿ, ಮೊದಲು ಆ ಕೈಯನ್ನು ಹೊರಗೆಳೆದರು.

“ಕೈ ನೋಯುತ್ತಲ್ಲೇ,” ಎಂದರು. “ಕೈ ನೋಯುತ್ತೆ.”

ಏಳು ಜನ ಆ ಕೈ ನೋಡಿದ್ದೆವು. ಅದು ನೋಯುತ್ತಿರಬಹುದು ಅಂತ ಒಬ್ಬರಿಗೂ ಹೊಳೆದಿರಲಿಲ್ಲ.

“ನಾಟಕ ಅಂತ ಗೊತ್ತಿತ್ತಲ್ಲಮ್ಮ,” ಎಂದೆ.

“ಗೊತ್ತಿತ್ತು. ಗೊತ್ತಿದ್ರೆ ಏನೀಗ?”

ಆಗ ಅತ್ತೆ. ಯಾರದೋ ಪಾಲಿನದಲ್ಲ, ಯಾವ ತುಟಿಗೂ ಹೊಂದಿಸುವ ಹಾಗಿಲ್ಲದ, ಕೇಳುವುದಕ್ಕೂ ಚೆನ್ನಾಗಿಲ್ಲದ ಅಳು. ಅಮ್ಮ ಸುಮ್ಮನಿರು ಎನ್ನಲಿಲ್ಲ. ನನ್ನ ಮಣಿಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ತೀಡುತ್ತಿದ್ದರು. ಅವರು ತೀಡುತ್ತಿದ್ದದ್ದು ನನ್ನ ಕೈಯನ್ನಲ್ಲ ಅಂತ ನನಗೆ ಗೊತ್ತಿತ್ತು.

“ಅಷ್ಟು ಹೊತ್ತೂ ಹೀಗೇ ಇತ್ತಾ ಕೈ?”

“ಇತ್ತಮ್ಮ.”

ಅವರು ಮತ್ತೆ ತೀಡಿದರು. ಕೆಳಗೆ ಯಾರೋ ಮೈಕು ಪರೀಕ್ಷೆ ಮಾಡಿ ಹಲೋ ಹಲೋ ಎನ್ನುತ್ತಿದ್ದರು. ಕ್ಷಮಿಸಿ ಅಂತ ಕೇಳಬೇಕೆಂದು ಬಾಯಿ ತೆರೆದೆ. ಅಮ್ಮ ತಲೆ ಅಡ್ಡಡ್ಡ ಆಡಿಸಿದರು.

“ಅದನ್ನ ಈಗ ಕೇಳ್ಬೇಡ. ಈಗ ಕೇಳಿದ್ರೆ ಆಗಲ್ಲ ಅಂದ್ಬಿಡ್ತೀನಿ,” ಎಂದರು. “ಕೆಳಗೆ ಹೋಗಿ ಇದ್ದದ್ದನ್ನ ಇದ್ದ ಹಾಗೆ ಹೇಳು. ಆ ಮಕ್ಕಳ ಕೈಲಿ ಇನ್ನೊಂದ್ಸಲ ಸುಳ್ಳು ಹೇಳಿಸ್ಬೇಡ, ಕೊಳೆತು ಹೋಗ್ತವೆ. ಎಲ್ಲಾ ಹೇಳು. ಕೈ ವಿಷಯ ಮಾತ್ರ ಬಿಟ್ಬಿಡು.”

“ಯಾಕಮ್ಮ?”

“ಅದು ನಂಗಿರ್ಲಿ.”

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದೆವು. ಅವರನ್ನು ಎಬ್ಬಿಸುವುದಕ್ಕೆ ಎರಡು ಸಲ ಪ್ರಯತ್ನಿಸಬೇಕಾಯಿತು. ಐದು ಗಂಟೆಗೆ ತುಂಬಿದ ಸಭೆಯ ಮುಂದೆ ನಿಂತು ನಾನು ಹೇಳಿದೆ. ಆರು ಜನ ತಲೆ ತಗ್ಗಿಸಿ ಕೂತಿದ್ದರು, ಕೆಲವರು ಎದ್ದು ಹೋದರು, ಒಬ್ಬ ಹಳೆಯ ಶಿಷ್ಯ ಇವತ್ತಿಗೂ ನನ್ನ ಮುಖ ನೋಡಿ ಮಾತಾಡಿಸುವುದಿಲ್ಲ. ಅಮ್ಮ ಮುಂದಿನ ಸಾಲಿನಲ್ಲಿ ಕೂತು, ಎಡಗೈ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡು, ಕೊನೆಯವರೆಗೂ ಕೇಳಿದರು. ಆಮೇಲೆ ಅವರು ಆರು ವರ್ಷ ಇದ್ದರು. ಕ್ಷಮಿಸಿದೆ ಅಂತ ಅವರು ಅನ್ನಲಿಲ್ಲ, ನಾನು ಕೇಳಲೂ ಇಲ್ಲ. ಪ್ರತಿ ಭಾನುವಾರ ಹೋಗುತ್ತಿದ್ದೆ, ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ, ಕಣ್ಣು ಮಂಜಾಗಿತ್ತು ಅವರಿಗೆ. ಕೈಯ ವಿಷಯವನ್ನು ನಾನು ಎಲ್ಲೂ ಬಾಯಿಬಿಡಲಿಲ್ಲ.

ಹೋದ ತಿಂಗಳು ಅಮ್ಮನೂ ಹೋದರು. ಆ ಕೈ ನೋಯುತ್ತಿತ್ತು ಅಂತ ಗೊತ್ತಿರುವವಳು ಈಗ ನಾನೊಬ್ಬಳೇ. ಒಬ್ಬಳೇ ಇಟ್ಟುಕೊಂಡಿರಲು ನನ್ನ ಕೈಲಾಗುತ್ತಿಲ್ಲ.